ತೆಳು ಮದ್ದಿನ ಚೀಟಿ

ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಚೀಟಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪಾಠ ಹೇಳುವ ಮೇಷ್ಟ್ರೇನಲ್ಲ. ಡ್ರಮ್ಮಿನ ಮೇಲೆ, ಕ್ಯಾನಿನ ಮೇಲೆ ಅಂಟಿಸುವ ಚೀಟಿಯಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವುದು ಅವನ ಕೆಲಸ. ಕೆಂಪು ಚೌಕಟ್ಟಿನೊಳಗೆ ತಲೆಬುರುಡೆ ಬರಬೇಕೋ, ಸತ್ತ ಮೀನು ಬರಬೇಕೋ, ಬರೀ ಆಶ್ಚರ್ಯಸೂಚಕ ಚಿಹ್ನೆ ಸಾಕೋ. ‘ಅಪಾಯ’ ಎಂದು ದಪ್ಪಕ್ಷರದಲ್ಲಿ ಹೊಡೆಯಬೇಕೋ, ‘ಎಚ್ಚರಿಕೆ’ ಎಂದರೆ ನಡೆದೀತೋ, ಎಲ್ಲವೂ ಅವನ ಮೇಜಿನ ಮೇಲೆ ಇತ್ಯರ್ಥವಾಗಬೇಕು. ಅದಕ್ಕೆಂದೇ ಸಾವಿರ ಪುಟದ ನಿಯಮದ ಪುಸ್ತಕ ಒಂದಿತ್ತು. ಅವನು ಅದನ್ನು ಎರಡು ಬಾರಿ ಪೂರ್ತಿ ಓದಿದ್ದ. ಅಂಥ ಪುಸ್ತಕವನ್ನು ಎರಡು ಬಾರಿ ಓದಿದ ಮನುಷ್ಯನ ಜೊತೆ ಸಂಸಾರ ಮಾಡುವುದು ಹೇಗಿರುತ್ತದೆ ಎಂದು ಅವನ ಹೆಂಡತಿಯನ್ನೇ ಕೇಳಬೇಕು. ಮದುವೆಯಾದ ಹೊಸದರಲ್ಲಿ ಅವಳು ಸೆಂಟು ಹಾಕಿಕೊಂಡು ಬಂದು ನಿಂತರೆ, ಈ ಮಹಾರಾಯ ಮೂಗು ಹತ್ತಿರ ತರುವ ಬದಲು ಬಾಟಲಿಯನ್ನೇ ಕಣ್ಣಿನ ಹತ್ತಿರ ಹಿಡಿದು ಸಣ್ಣಕ್ಷರ ಓದಿದ್ದನಂತೆ.

ಕಾರ್ಖಾನೆ ತಯಾರಿಸುತ್ತಿದ್ದದ್ದು ಲೋಳೆಮದ್ದು. ಗಿರಣಿಗಳಲ್ಲಿ, ದೊಡ್ಡ ಕಟ್ಟಡಗಳಲ್ಲಿ ಯಂತ್ರಗಳನ್ನು ತಣ್ಣಗಿಡಲು ನೀರು ಹಗಲೂ ರಾತ್ರಿ ಸುತ್ತುತ್ತಿರುತ್ತದೆ. ಆ ನೀರಿನಲ್ಲಿ ಪಾಚಿ ಕಟ್ಟುತ್ತದೆ, ಲೋಳೆ ಬೆಳೆಯುತ್ತದೆ, ಕಣ್ಣಿಗೆ ಕಾಣದ ಕ್ರಿಮಿಗಳು ಸಂಸಾರ ಹೂಡುತ್ತವೆ. ಅವನ್ನು ಕೊಲ್ಲುವ ಮದ್ದು ಅದು. ಕಾಗದದ ಮೇಲೆ ಅದಕ್ಕೆ ಒಂದೂವರೆ ಸಾಲಿನ ಹೆಸರಿತ್ತು. ಆ ಹೆಸರನ್ನು ತಡವರಿಸದೆ ಹೇಳಬಲ್ಲವನು ಚೀಟಿ ಮೇಷ್ಟ್ರು ಒಬ್ಬನೇ, ಉಳಿದವರಿಗೆ ಅದು ಬರೀ ಲೋಳೆಮದ್ದು. ಅದರಲ್ಲಿ ಎರಡು ಬಗೆ. ನೀಲಿ ಡ್ರಮ್ಮಿನಲ್ಲಿ ತುಂಬುವ ಗಟ್ಟಿ ಮದ್ದು ಚರ್ಮ ಸುಡುತ್ತದೆ, ಕಣ್ಣು ತೆಗೆಯುತ್ತದೆ, ಅಲರ್ಜಿ ತರುತ್ತದೆ, ಅದರ ಚೀಟಿಯಲ್ಲಿ ಚಿತ್ರಗಳಿಗೇ ಜಾಗ ಸಾಲುತ್ತಿರಲಿಲ್ಲ. ಅದನ್ನೇ ಬೇಕಾದಷ್ಟು ನೀರು ಬೆರೆಸಿ ಬಿಳಿ ಕ್ಯಾನಿನಲ್ಲಿ ತುಂಬಿದರೆ ತೆಳು ಮದ್ದು. ಇದು ಶುರುವಾಗಿ ಒಂದು ವರ್ಷವಾಗಿತ್ತು. ಲೆಕ್ಕ ಹಾಕಿ ಇದರ ಚೀಟಿ ಬರೆದವನೂ ಅವನೇ. ಚಿತ್ರವೇ ಇಲ್ಲದ ಚೀಟಿ. ಕೆಳಗೆ ಒಂದೇ ಒಂದು ಸಾಲು: ನೀರಿನ ಜೀವಿಗಳಿಗೆ ಹಾನಿಕರ. ತುಂಬುವ ಶೆಡ್ಡಿನ ಕೆಲಸಗಾರರು ಅದನ್ನು ಓದಿ, “ಮೀನಿಗೆ ತಾನೇ? ನಾವೇನು ಅದರಲ್ಲಿ ಈಜ್ತೀವಾ?” ಎಂದು ನಕ್ಕು, ಕೈಗವಸು ಬಿಚ್ಚಿಟ್ಟಿದ್ದರು. ಮ್ಯಾನೇಜರು ಮಾತ್ರ ಚೀಟಿ ಮೇಷ್ಟ್ರ ಬೆನ್ನು ತಟ್ಟಿ, “ಚೀಟಿ ಅಂದ್ರೆ ಹೀಗಿರ್ಬೇಕು ನೋಡಿ, ಕಣ್ಣಿಗೆ ತಂಪು” ಅಂದಿದ್ದರು. ಅವನೂ ಉಬ್ಬಿಹೋಗಿದ್ದ, ಸುಳ್ಳು ಯಾಕೆ ಹೇಳಬೇಕು.

ಆ ಸೋಮವಾರ ಬೆಳಿಗ್ಗೆ ಅವನ ಕೋಣೆಯ ಬಾಗಿಲಲ್ಲಿ ಬಂದು ನಿಂತವಳು ದೊಡ್ಡಮ್ಮ.

ದೊಡ್ಡಮ್ಮ ಯಾರ ದೊಡ್ಡಮ್ಮನೂ ಅಲ್ಲ, ಎಲ್ಲರ ದೊಡ್ಡಮ್ಮ. ಕಾರ್ಖಾನೆಯ ಹಿಂಭಾಗದಲ್ಲಿ, ಬಾಯ್ಲರ್ ಮನೆಗೆ ತಾಗಿಕೊಂಡಂತೆ ಒಗೆಯುವ ಕೋಣೆಯಿತ್ತು. ಎರಡು ದೊಡ್ಡ ಯಂತ್ರ, ಒಂದು ಕಲ್ಲಿನ ತೊಟ್ಟಿ, ಹಿತ್ತಿಲಲ್ಲಿ ಒಣಹಾಕುವ ತಂತಿಗಳು. ನೂರಾ ಎಂಬತ್ತು ಜನರ ಸಮವಸ್ತ್ರ ಇಪ್ಪತ್ತೆರಡು ವರ್ಷಗಳಿಂದ ಅವಳ ಕೈ ದಾಟಿ ಹೋಗುತ್ತಿತ್ತು. ಯಂತ್ರಕ್ಕೆ ಹಾಕುವ ಮೊದಲು ಅವಳು ಪ್ರತಿಯೊಂದು ಅಂಗಿಯನ್ನೂ ಒಳಮಗ್ಗುಲು ತಿರುಗಿಸಿ, ಜೇಬು ತಡಕಿ, ಕಾಲರು ಮತ್ತು ತೋಳಿನ ಅಂಚನ್ನು ತೊಟ್ಟಿಯಲ್ಲಿ ಕೈಯಾರೆ ಉಜ್ಜುತ್ತಿದ್ದಳು. ಯಂತ್ರಕ್ಕೆ ಕಾಲರಿನ ಕೊಳೆ ಕಾಣುವುದಿಲ್ಲ ಎಂಬುದು ಅವಳ ವಾದ. ಯಾರ ಜೇಬಿನಲ್ಲಿ ಏನಿತ್ತು ಎಂಬುದನ್ನು ಅವಳು ಇನ್ನೊಬ್ಬರಿಗೆ ಹೇಳಿದವಳಲ್ಲ. ಆ ಒಂದು ಕಾರಣಕ್ಕೇ ಕಾರ್ಖಾನೆಯ ಅರ್ಧ ಸಂಸಾರಗಳು ನೆಟ್ಟಗೆ ನಡೆಯುತ್ತಿದ್ದವು.

“ಮೇಷ್ಟ್ರೇ, ಬಿಡುವಿದ್ಯಾ?”

“ಬನ್ನಿ ದೊಡ್ಡಮ್ಮ, ಕೂತ್ಕೊಳ್ಳಿ.”

ಅವಳು ಕೂರಲಿಲ್ಲ. ಎರಡೂ ಕೈಗಳನ್ನು ಸೆರಗಿನ ಕೆಳಗೆ ಇಟ್ಟುಕೊಂಡೇ, “ತೆಳು ಮದ್ದಿನ ಬಗ್ಗೆ ನೀವು ಏನು ಬರ್ದಿದ್ದೀರಿ ಅಂತ ನಂಗೊಂದು ಸಲ ಓದಿ ಹೇಳಿ” ಎಂದಳು.

ಅವನಿಗೆ ಆಶ್ಚರ್ಯವಾಯಿತು. ಅವನ ಚೀಟಿಯ ಜೊತೆಗೆ ಹದಿನಾರು ಪುಟದ ಸುರಕ್ಷತಾ ಪತ್ರವೂ ಇರುತ್ತದೆ. ಅದನ್ನು ಇಷ್ಟು ವರ್ಷದಲ್ಲಿ ಓದಿ ಹೇಳಿ ಎಂದು ಕೇಳಿದವರು ಒಬ್ಬರೂ ಇಲ್ಲ. ಖುಷಿಯಿಂದಲೇ ತೆಗೆದು ಓದತೊಡಗಿದ. ನುಂಗಿದರೆ, ವರ್ಗೀಕರಣವಿಲ್ಲ. ಉಸಿರಾಡಿದರೆ, ವರ್ಗೀಕರಣವಿಲ್ಲ. ಚರ್ಮಕ್ಕೆ ತಗುಲಿದರೆ, ವರ್ಗೀಕರಣವಿಲ್ಲ. ಚರ್ಮದ ಅಲರ್ಜಿ, ವರ್ಗೀಕರಣವಿಲ್ಲ.

“ಅಲ್ಲೇ ನಿಲ್ಲಿಸಿ” ಎಂದಳು ದೊಡ್ಡಮ್ಮ. “ಅದು ತಪ್ಪು.”

ಚೀಟಿ ಮೇಷ್ಟ್ರ ಮುಖದ ಮೇಲಿನ ಖುಷಿ ಹಾಗೇ ಉಳಿದು ಹುಳ್ಳಗಾಯಿತು. ದೊಡ್ಡಮ್ಮ ಸೆರಗಿನ ಕೆಳಗಿಂದ ಎಡಗೈ ತೆಗೆದು ಮೇಜಿನ ಮೇಲಿಟ್ಟಳು. ಮಣಿಕಟ್ಟಿನವರೆಗೆ ಊದಿ ಕೆಂಪೇರಿತ್ತು, ಅಲ್ಲಲ್ಲಿ ನೀರುಗುಳ್ಳೆಗಳು ಒಡೆದು ಹಕ್ಕಳೆ ಕಟ್ಟಿದ್ದವು. ಬಲಗೈ ತೆಗೆದು ಪಕ್ಕದಲ್ಲಿಟ್ಟಳು. ಅದು ಬರೀ ಒಗೆಯುವವಳ ಕೈ, ಒರಟು, ಆದರೆ ಆರೋಗ್ಯವಾಗಿತ್ತು.

ವಿಷಯ ಇಷ್ಟು. ನಾಲ್ಕು ತಿಂಗಳ ಹಿಂದೆ ಅವಳ ಎರಡೂ ಕೈಗೆ ತುರಿಕೆ ಹತ್ತಿತು. ವಾರಕ್ಕೆರಡು ದಿನ ಬರುವ ಕಾರ್ಖಾನೆಯ ಡಾಕ್ಟರು ಮುಲಾಮು ಕೊಟ್ಟರು, ಕಡಿಮೆಯಾಗಲಿಲ್ಲ. ಅವರು ಚೀಟಿ ಮೇಷ್ಟ್ರ ಸುರಕ್ಷತಾ ಪತ್ರ ತೆರೆದು ನೋಡಿದರು. ಗಟ್ಟಿ ಮದ್ದಿನ ಬಟ್ಟೆಯನ್ನು ಅವಳು ಕೈಗವಸು ಹಾಕಿಕೊಂಡೇ ಒಗೆಯುತ್ತಾಳೆ, ತೆಳು ಮದ್ದಿನಲ್ಲಿ ಅಲರ್ಜಿಯ ಮಾತೇ ಇಲ್ಲ. ಹಾಗಾದರೆ ಉಳಿದದ್ದು ಸೋಪು. ‘ಸೋಪು ಒಗ್ಗದ ದುರ್ಬಲ ಚರ್ಮ, ಒಗೆಯುವ ಕೆಲಸಕ್ಕೆ ಅನರ್ಹ’ ಎಂದು ಬರೆದು ಮ್ಯಾನೇಜರಿಗೆ ಕಳಿಸಿ ಕೈ ತೊಳೆದುಕೊಂಡರು. ಬರುವ ಶುಕ್ರವಾರ ಅವಳನ್ನು ಕೆಲಸದಿಂದ ಬಿಡಿಸುವ ಕಾಗದಕ್ಕೆ ಸಹಿ ಬೀಳುವುದಿತ್ತು.

“ಇಪ್ಪತ್ತೆರಡು ವರ್ಷ ಒಗ್ಗಿದ ಸೋಪು ಈಗ ಒಗ್ಗಲ್ಲ ಅಂದ್ರೆ ನಂಬೋಕಾಗುತ್ತಾ?” ಎಂದಳು. “ಆದ್ರೂ ಡಾಕ್ಟರು ಓದಿದೋರು. ನಾನೂ ನೋಡೇಬಿಡೋಣ ಅಂದ್ಕೊಂಡೆ. ಮಗಳ ಬಾಣಂತನಕ್ಕೆ ಮೂರು ವಾರ ರಜೆ ಹಾಕಿದ್ನಲ್ಲ, ಆಗ ಈ ಕಾರ್ಖಾನೆ ಸೋಪನ್ನೇ ನಾಲ್ಕು ಬಿಲ್ಲೆ ತಗೊಂಡು ಹೋಗಿದ್ದೆ. ಬೈಬೇಡಿ. ಮಗೂದು, ಬಾಣಂತಿದು, ದಿನಾ ರಾಶಿ ಬಟ್ಟೆ ಅದರಲ್ಲೇ ಒಗ್ದೆ. ಕೈ ವಾಸಿಯಾಯ್ತು.”

ಚೀಟಿ ಮೇಷ್ಟ್ರು ಕೈಯಲ್ಲಿದ್ದ ಸುರಕ್ಷತಾ ಪತ್ರ ಕೆಳಗಿಟ್ಟ.

“ವಾಪಸ್ ಬಂದ್ಮೇಲೆ ಎರಡು ದಿನ ಬರೀ ಆಫೀಸಿನ ಪರದೆ, ಮೇಜಿನ ಬಟ್ಟೆ ಒಗ್ದೆ. ಅದೇ ಸೋಪು, ಅದೇ ನೀರು. ಏನಾಗ್ಲಿಲ್ಲ. ಮೂರನೇ ದಿನ ತೆಳು ಮದ್ದಿನ ಶೆಡ್ಡಿಂದ ಬಂದ ಒಂದೇ ಒಂದು ಅಂಗಿ ತಗೊಂಡೆ. ಬಲಗೈಗೆ ಗವಸು ಹಾಕ್ಕೊಂಡೆ, ಎಡಗೈ ಹಾಗೇ ಬಿಟ್ಟೆ. ಕೆಲಸಕ್ಕೆ ಬಲಗೈ ಬೇಕಲ್ಲ, ಕೆಟ್ರೆ ಎಡಗೈ ಕೆಡ್ಲಿ ಅಂತ. ಮಾರನೇ ದಿನಕ್ಕೆ ನೋಡಿ, ಹೀಗೆ.”

ಅವನು ಆ ಎರಡು ಕೈಗಳನ್ನೇ ನೋಡುತ್ತ ಕೂತ. ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಮೊದಲಿನಂತೆಯೇ ಇಟ್ಟುಕೊಂಡು, ಆ ಒಂದನ್ನು ಮಾತ್ರ ಬದಲಾಯಿಸಿ ನೋಡುವುದು; ಹೋಲಿಸಲು ಒಂದು ಭಾಗವನ್ನು ಮುಟ್ಟದೆ ಕಾಯ್ದುಕೊಳ್ಳುವುದು. ಇದನ್ನು ಕಲಿಯಲು ಅವನು ಕಾಲೇಜಿನಲ್ಲಿ ಐದು ವರ್ಷ ಕಳೆದಿದ್ದ. ಪ್ರಯೋಗಾಲಯಗಳಲ್ಲಿ ಬಿಳಿ ಕೋಟು ಹಾಕಿಕೊಂಡವರು ಇದನ್ನೇ ಮಾಡಿ ದೊಡ್ಡ ವರದಿ ಬರೆಯುತ್ತಾರೆ. ಈಕೆ ತನ್ನದೇ ಕೈಯನ್ನು ತೊಟ್ಟಿಯಲ್ಲಿ ಅದ್ದಿ ಮಾಡಿ ಮುಗಿಸಿ, ಬೈಬೇಡಿ ಅನ್ನುತ್ತಿದ್ದಾಳೆ.

“ಇದು ಎಂಥ ಮದ್ದು ಅಂತ ನಂಗೊತ್ತು ಮೇಷ್ಟ್ರೇ. ಬನ್ನಿ, ತೋರಿಸ್ತೀನಿ.”

ಹಿತ್ತಿಲಲ್ಲಿ ನಾಲ್ಕು ತಂತಿಗಳಿದ್ದವು. ಇಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದರೂ ಬಟ್ಟೆ ಒಣಹಾಕಿದ್ದಾರೆ ಎಂಬುದಕ್ಕಿಂತ ಹೆಚ್ಚಿನದೇನೂ ಅವನಿಗೆ ಕಂಡಿರಲಿಲ್ಲ. ದೊಡ್ಡಮ್ಮ ಒಂದೊಂದನ್ನೇ ತೋರಿಸಿದಳು. ಮೊದಲನೇ ತಂತಿಯದು ಮುಟ್ಟಿದ ಕೂಡಲೇ ಕಚ್ಚುವಂಥದ್ದು, ಆಸಿಡ್ ವಿಭಾಗದ ಬಟ್ಟೆ. ಎರಡನೆಯದು ಮುಟ್ಟಿದಾಗ ಸುಮ್ಮನಿದ್ದು, ಸೋಪಿನ ಹಾಗೆ ನುಣ್ಣಗೆ ಜಾರಿ, ಸಂಜೆ ಮನೆಗೆ ಹೋದ ಮೇಲೆ ಕಚ್ಚುವಂಥದ್ದು, ಕ್ಷಾರದ ವಿಭಾಗದ್ದು. ನಾಲ್ಕನೆಯದು ಏನೂ ಮಾಡದ ಸಾಧು ಬಟ್ಟೆಗಳದ್ದು.

“ಮೂರನೇದು?”

“ಅದು ಗುರುತು ಹಿಡಿದು ಕಚ್ಚೋದು. ಮೊದಮೊದಲು ಏನೂ ಮಾಡಲ್ಲ. ತಿಂಗಳುಗಟ್ಟಲೆ ಸುಮ್ನಿರುತ್ತೆ. ಎಷ್ಟು ಒಳ್ಳೇದಪ್ಪ ಅನ್ಸುತ್ತೆ. ಒಂದು ದಿನ ನಿಮ್ಮ ಗುರುತು ಸಿಕ್ತು ಅಂದ್ರೆ ಮುಗೀತು, ಆಮೇಲೆ ಒಂದು ತೊಟ್ಟು ಸಾಕು. ಪಕ್ಕದಲ್ಲಿರೋನಿಗೆ ಏನೂ ಆಗಿರಲ್ಲ, ನಿಮ್ಮನ್ನ ಮಾತ್ರ ಹುಡುಕ್ಕೊಂಡು ಬಂದು ಕಚ್ಚುತ್ತೆ. ಗಟ್ಟಿ ಮದ್ದು ಅಂಥದ್ದು. ಹದಿನೈದು ವರ್ಷದಿಂದ ಅದನ್ನ ಗವಸಿಲ್ದೆ ಮುಟ್ಟಿಲ್ಲ ನಾನು.”

ಸುಡುವುದು, ನಿಧಾನವಾಗಿ ಸುಡುವುದು, ಅಲರ್ಜಿ ತರುವುದು. ನಿಯಮದ ಪುಸ್ತಕ ಇದನ್ನೇ ಹೇಳಲು ನಲವತ್ತು ಪುಟ ತೆಗೆದುಕೊಂಡಿತ್ತು, ಅದೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

“ಮತ್ತೆ ತೆಳು ಮದ್ದಿನ ಬಟ್ಟೆ ಯಾವ ತಂತಿಗೆ ಹಾಕಿದ್ರಿ?” ಎಂದು ಕೇಳಿದ.

ದೊಡ್ಡಮ್ಮ ಮೂರನೇ ತಂತಿಯ ಕಡೆ ತಿರುಗಿದಳು. “ಬಂದ ದಿನವೇ ವಾಸನೆ ಅದೇ ಅನ್ನಿಸ್ತು. ಮೂರನೇ ತಂತಿಗೇ ಹಾಕಿದ್ದೆ. ಶೆಡ್ಡಿನ ಮೇಸ್ತ್ರಿ ನಕ್ಕ. ಚೀಟಿ ಮೇಷ್ಟ್ರು ಎರಡೆರಡು ಸಲ ಲೆಕ್ಕ ಹಾಕಿ ಬರ್ದಿದ್ದಾರೆ, ಏನೂ ಇಲ್ವಂತೆ ಅಂದ. ನೀವು ತಪ್ಪು ಬರೆಯೋರಲ್ಲ ಅಂತ ನಾಲ್ಕನೇದಕ್ಕೆ ಹಾಕ್ದೆ. ಗವಸು ತೆಗ್ದಿಟ್ಟೆ.”

 ಡಾಕ್ಟರು ಅವನ ಕಾಗದ ನಂಬಿ ಅವಳನ್ನು ತಪ್ಪಿತಸ್ಥಳನ್ನಾಗಿ ಮಾಡಿದ್ದಷ್ಟೇ ಅಲ್ಲ, ಅವಳು ತನ್ನ ಮೂಗನ್ನು ಬಿಟ್ಟು ಅವನ ಕಾಗದ ನಂಬಿದ್ದಳು. “ನಾನು ಇನ್ನೊಂದು ಸಲ ನೋಡ್ತೀನಿ ದೊಡ್ಡಮ್ಮ” ಎಂದವನೇ ಸರಸರ ನಡೆದು ಕೋಣೆ ಸೇರಿದ. ಮನಸ್ಸಿನೊಳಗೆ, ಲೆಕ್ಕ ಸರಿಯಾಗಿಯೇ ಇರಲಪ್ಪಾ ಎಂಬ ಪ್ರಾರ್ಥನೆ ಇನ್ನೂ ನಡೆದಿತ್ತು ಎಂದರೆ ಅವನನ್ನು ಕ್ಷಮಿಸಬೇಕು. ಮನುಷ್ಯ ತಾನೇ.

ಕಂಪ್ಯೂಟರಿನಲ್ಲಿ ಅವನದೇ ಕೈಯಿಂದ ಕಟ್ಟಿದ ಒಂದು ಕೋಷ್ಟಕವಿತ್ತು. ಬೆರಕೆಯಲ್ಲಿ ಯಾವ ರಾಸಾಯನಿಕ ಎಷ್ಟಿದೆ ಎಂದು ತುಂಬಿದರೆ, ಅದು ಮಿತಿಯೊಳಗಿದೆಯೋ ಮೀರಿದೆಯೋ ಎಂದು ಅದೇ ಹೇಳುತ್ತಿತ್ತು. ತೆಳು ಮದ್ದಿನಲ್ಲಿ ಹತ್ತು ಲಕ್ಷ ಪಾಲಿಗೆ ನೂರೈವತ್ತು ಪಾಲು ಅಸಲು ಮದ್ದಿತ್ತು. ತೀವ್ರ ಅಲರ್ಜಿಕಾರಕಗಳಿಗೆ ಇರುವ ಮಿತಿ ಸಾವಿರ ಪಾಲು. ನೂರೈವತ್ತು ಎಲ್ಲಿ, ಸಾವಿರ ಎಲ್ಲಿ! ಹಸಿರು ಬಣ್ಣ ಬಂದಿತ್ತು, ಅವನು ಚೀಟಿ ಬರೆದಿದ್ದ. ಆದರೆ ಆ ಸಾವಿರ ಎಲ್ಲಕ್ಕೂ ಹೊಂದುವ ಸಾಮಾನ್ಯ ಮಿತಿ. ಕೆಲವು ಮಹಾ ಕಿಲಾಡಿ ರಾಸಾಯನಿಕಗಳಿಗೆ ಪುಸ್ತಕದ ಕೊನೆಯ ಅನುಬಂಧದಲ್ಲಿ ಬೇರೆಯೇ ಮಿತಿ ಕೊಟ್ಟಿರುತ್ತಾರೆ. ಅದನ್ನು ಅವನು ಮರೆತಿರಲಿಲ್ಲ. ಅದಕ್ಕಾಗಿ ಕೋಷ್ಟಕದ ಬಲತುದಿಯಲ್ಲಿ ಒಂದು ಕಾಲಂ ಹಾಕಿಯೇ ಇಟ್ಟಿದ್ದ, ಬಣ್ಣ ಯಾವುದೇ ಬರಲಿ ಅದನ್ನು ಕಣ್ಣಾರೆ ನೋಡಿ ಹೋಲಿಸಬೇಕಿತ್ತು. ಒಮ್ಮೆ ಮುದ್ರಿಸುವಾಗ ಪುಟ ಅಗಲವಾಗಿ ಅಂಚು ತುಂಡಾಗಿ ಬರುತ್ತಿದೆ ಎಂದು ಆ ಒಂದು ಕಾಲಂ ಅನ್ನು ಮರೆಮಾಡಿದ್ದ. ಆಮೇಲೆ ಬಿಚ್ಚಿದರಾಯಿತು ಅಂದುಕೊಂಡಿದ್ದ.

ಈಗ ಬಿಚ್ಚಿದ. ಲೋಳೆಮದ್ದಿನ ಎದುರು ಹದಿನೈದು ಎಂದಿತ್ತು. ಹತ್ತು ಲಕ್ಷಕ್ಕೆ ಹದಿನೈದು. ತೆಳು ಮದ್ದು ಮಿತಿಗಿಂತ ಹತ್ತು ಪಟ್ಟು ಮೇಲಿತ್ತು.

ಪುಟ ನೀಟಾಗಿ ಬರಲಿ ಎಂಬ ಆಸೆಗೆ ಒಬ್ಬಳ ಕೈ ಹೋಗಿತ್ತು.

ಆವತ್ತು ಸಂಜೆ ಮನೆಗೆ ಬಂದವನು ಚಪ್ಪಲಿಯನ್ನೂ ಬಿಚ್ಚದೆ ಊಟಕ್ಕೆ ಕೂತ. ಹೆಂಡತಿ ತಟ್ಟೆ ಮುಂದಿಟ್ಟು ಎದುರು ಕೂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳೇ ಬಾಯಿ ಬಿಡಿಸಿದಳು. ಎಲ್ಲ ಕೇಳಿ, “ತಪ್ಪು ನಂದು ಅಂತ ಹೇಳೋಕೆ ನಿಮ್ಮ ಪುಸ್ತಕದಲ್ಲಿ ಯಾವ ಪುಟ ನೋಡ್ಬೇಕು?” ಎಂದಳು.

“ಅದಲ್ಲ ಕಣೇ. ತಪ್ಪು ಒಪ್ಕೊಳ್ತೀನಿ, ಅದು ಕಷ್ಟ ಅಲ್ಲ.” ಇದು ಅರ್ಧ ಸುಳ್ಳು, ಅವಳು ಅದನ್ನು ಹಾಗೇ ಹೋಗಗೊಟ್ಟಳು. “ಅದು ಅಲರ್ಜಿಕಾರಕ ಅಂತ ನಾನು ಬರೆದ ತಕ್ಷಣ ಸೋಪಿನ ಕಥೆ ಬಿದ್ದುಹೋಗುತ್ತೆ, ನಿಜ. ಆದ್ರೆ ಅಲರ್ಜಿ ಅಂದ್ರೆ ಏನು ಗೊತ್ತಾ? ಮೈ ಒಂದು ಸಲ ಕಲಿತ್ರೆ ಸಾಯೋವರೆಗೂ ಮರೆಯಲ್ಲ. ಅಂಥವರನ್ನ ಮತ್ತೆ ಆ ಬಟ್ಟೆ ಹತ್ರ ಬಿಡೋ ಹಾಗಿಲ್ಲ, ಗವಸು ಹಾಕ್ಕೊಂಡ್ರೂ. ಅವರು ಹೇಳಿದ್ದೇ ಸರಿ ಅಂತ ನಾನು ಬರೆದ್ರೆ ಅದೇ ಕಾಗದ ಅವರನ್ನ ಒಗೆಯೋ ಕೋಣೆಯಿಂದ ಆಚೆ ಹಾಕುತ್ತೆ.”

ಹೆಂಡತಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. 

ಮರುದಿನ ಬೆಳಿಗ್ಗೆ ಅವನು ಒಂದು ಉಪಾಯ ಹೊಂದಿಸಿಕೊಂಡು ಒಗೆಯುವ ಕೋಣೆಗೆ ಹೋದ. ಚೀಟಿಯಲ್ಲಿ ‘ಅಲರ್ಜಿ ತರುತ್ತದೆ’ ಎನ್ನುವ ಬದಲು ‘ಚರ್ಮವನ್ನು ಕೆರಳಿಸುತ್ತದೆ’ ಎಂದು ಬರೆಯುವುದು. ಕೇಳಲು ಎರಡೂ ಒಂದೇ ಥರ, ಆದರೆ ಅಜಗಜಾಂತರ ವ್ಯತ್ಯಾಸ. ಕೆರಳಿಸುವುದು ತೊಳೆದರೆ ಹೋಗುತ್ತದೆ, ಗವಸು ಹಾಕಿದರೆ ಸಾಕು. ಡಾಕ್ಟರು ಸೋಪಿನ ಮಾತು ಹಿಂತೆಗೆದುಕೊಳ್ಳುತ್ತಾರೆ, ದೊಡ್ಡಮ್ಮ ಗವಸು ತೊಟ್ಟು ತನ್ನ ತೊಟ್ಟಿಯ ಹತ್ತಿರವೇ ಉಳಿಯುತ್ತಾಳೆ. ಅವನ ತಪ್ಪೂ ಅರ್ಧಕ್ಕರ್ಧ ಸಣ್ಣದಾಗಿ ಕಾಣುತ್ತದೆ. ಇದನ್ನು ಅವನು ತನಗೆ ತಾನೇ ಕೊನೆಯಲ್ಲಿ ಹೇಳಿಕೊಂಡ, ಮೊದಲು ಹೊಳೆದದ್ದು ಅದೇ ಆಗಿದ್ದರೂ.

ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡಳು. ಅವಳ ಮೊದಲ ಪ್ರಶ್ನೆ, “ಅಂದ್ರೆ ನಂದು ಸರಿ ಇತ್ತು?”

“ಪೂರ್ತಿ ಸರಿ ಇತ್ತು ದೊಡ್ಡಮ್ಮ. ತಪ್ಪು ನಂದು. ನನ್ನಿಂದ ನಿಮ್ಮ ಕೈ...” ಅವನು ಜೇಬಿನಿಂದ ಕರವಸ್ತ್ರ ತೆಗೆದ.

“ಇರ್ಲಿ, ಅಳಬೇಡಿ. ನೀವು ಅತ್ರೆ ಆ ಕರವಸ್ತ್ರನೂ ನಾನೇ ಒಗೀಬೇಕು.” ಅವಳು ತೊಟ್ಟಿಯ ಅಂಚಿನ ಮೇಲೆ ಕೂತಳು. “ಮೇಷ್ಟ್ರೇ, ತೆಳು ಮದ್ದಿನ ಶೆಡ್ಡಲ್ಲಿ ಎಷ್ಟು ಜನ ಇದ್ದಾರೆ?”

“ಎಂಟು.”

“ಎಂಟೂ ಬರಿಗೈ. ಅದರಲ್ಲೊಬ್ಬಳಿಗೆ ಇನ್ನೂ ಇಪ್ಪತ್ತೆರಡು. ಅವಳ ಅಂಗಿ ತೋಳು ದಿನಾ ನೆಂದಿರುತ್ತೆ, ಒರೆಸೋಕೆ ಬಟ್ಟೆ ಹುಡುಕಲ್ಲ, ತೋಳಲ್ಲೇ ಒರೆಸ್ತಾಳೆ. ಕ್ಯಾನು ತಗೊಂಡು ಹೋಗೋರು ಎಷ್ಟು ಜನಾನೋ ನಂಗೊತ್ತಿಲ್ಲ. ಕೆರಳಿಸುತ್ತೆ ಅಂತ ನೀವು ಬರೆದ್ರೆ ಅವರೆಲ್ಲ ತುರಿಕೆ ಬಂದಾಗ ತೊಳ್ಕೊಂಡ್ರಾಯ್ತು ಅಂತಾರೆ. ತುರಿಕೆ ಬಂದಾಗ ತೊಳೆಯೋ ಮದ್ದಾ ಅದು? ತುರಿಕೆ ಬಂತು ಅಂದ್ರೇನೇ ಮುಗೀತು.”

“ಆದ್ರೆ ನೀವು...”

“ನಂದು ಮುಗ್ದಿದೆ. ನೀವು ಏನು ಬರೆದ್ರೂ ಈ ಕೈ ಅದನ್ನ ಓದಲ್ಲ.” ಅವಳು ಒಂದು ನಿಮಿಷ ಯಂತ್ರಗಳನ್ನೂ ತೊಟ್ಟಿಯನ್ನೂ ನೋಡಿದಳು. ಕಣ್ಣು ತುಂಬಿ ಬಂದದ್ದನ್ನು ಅವಳು ಮುಚ್ಚಿಡಲಿಲ್ಲ, ಒರೆಸಿಕೊಳ್ಳಲೂ ಇಲ್ಲ, ಕೈ ಹಾಗಿತ್ತಲ್ಲ. “ಈ ಕೋಣೆ ಬಿಡೋದು ಅಂದ್ರೆ ನಂಗೆ ಸಂಕಟ ಆಗುತ್ತೆ. ಹೇಳ್ತೀನಿ ಯಾಕೆ ಮುಚ್ಚಿಡ್ಲಿ. ಆದ್ರೆ ಇದ್ದದ್ದನ್ನ ಇದ್ದ ಹಾಗೆ ಬರೀರಿ. ಒಂದು ಸಲ ನಿಮ್ಮ ಚೀಟಿ ನಂಬಿ ಗವಸು ತೆಗ್ದಿದ್ದೀನಿ. ಇನ್ನೊಬ್ಬರು ತೆಗೆಯೋ ಹಾಗೆ ಮಾಡ್ಬೇಡಿ.”

ಸಾವಿರ ಪುಟದ ಪುಸ್ತಕ ಓದಿದವನಿಗೆ ಆ ಕ್ಷಣ ತಾನು ಎಷ್ಟು ಸಣ್ಣವನು ಅನ್ನಿಸಿತು. ಸಣ್ಣವನು ಅನ್ನಿಸಿದ್ದರಲ್ಲಿ ಅವಮಾನವಿರಲಿಲ್ಲ, ಒಂದು ಥರದ ಸಮಾಧಾನವೇ ಇತ್ತು. ಇಂಥವರ ಕೈಗೆ ಬಟ್ಟೆ ಕೊಡುತ್ತಿದ್ದೆವಲ್ಲ ಇಷ್ಟು ವರ್ಷ ಎಂದು ಹೆಮ್ಮೆಯೂ ಆಯಿತು.

ಶುಕ್ರವಾರ ಮ್ಯಾನೇಜರ ಕೋಣೆಯಲ್ಲಿ ನಾಲ್ಕು ಜನ ಕೂತರು: ಮ್ಯಾನೇಜರು, ಡಾಕ್ಟರು, ಚೀಟಿ ಮೇಷ್ಟ್ರು, ದೊಡ್ಡಮ್ಮ. ಅವನು ಎದ್ದು ನಿಂತು ಮರೆಮಾಡಿದ್ದ ಕಾಲಮ್ಮಿನ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದ. ಹೊಸ ಚೀಟಿ ಮೇಜಿನ ಮೇಲಿಟ್ಟ. ಕೆಂಪು ಚೌಕಟ್ಟಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ, ‘ಎಚ್ಚರಿಕೆ’, ಚರ್ಮಕ್ಕೆ ಅಲರ್ಜಿ ತರಬಹುದು, ಕೈಗವಸು ಕಡ್ಡಾಯ, ನೆಂದ ಬಟ್ಟೆಯನ್ನು ಒಗೆಯದೆ ಮತ್ತೆ ತೊಡಬಾರದು. ಅದರ ಕೆಳಗೆ ಅವನು ತಾನಾಗಿ ಸೇರಿಸಿದ ಒಂದು ಸಾಲು: ಒಗೆಯುವವರಿಗೂ ಇದನ್ನು ತಿಳಿಸಬೇಕು.

ಮ್ಯಾನೇಜರ ಮುಖ ಕಪ್ಪಿಟ್ಟಿತು. “ರೀ ಮೇಷ್ಟ್ರೇ, ಒಂದು ವರ್ಷದ ಮಾಲು ಊರೆಲ್ಲ ಹಂಚಿಹೋಗಿದೆ. ಈಗ ಪ್ರತಿಯೊಬ್ಬರಿಗೂ ತಪ್ಪಾಯ್ತು ಅಂತ ಕಾಗದ ಬರೀಬೇಕಾ?”

“ಬರ್ದಿದ್ದೀನಿ ಸಾರ್. ಲೆಕ್ಕ ತಪ್ಪಿದ್ದು ನನ್ನಿಂದ ಅಂತ ನನ್ನ ಸಹಿ ಹಾಕಿದ್ದೀನಿ. ನಿಮ್ಮದೊಂದು ಸಹಿ ಬೇಕು.”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮನುಷ್ಯ, ಸ್ವಲ್ಪ ಅವಸರದವರು ಅಷ್ಟೇ. ದೊಡ್ಡಮ್ಮನ ಕಡೆ ತಿರುಗಿ, “ನಿಮ್ಮನ್ನ ಕೇಳೋದು ಬಿಟ್ಟು ಕಾಗದನ್ನ ಕೇಳಿದ್ದು ನನ್ನ ತಪ್ಪು” ಎಂದರು. ಎಡಗೈ ಬಲಗೈ ಪರೀಕ್ಷೆಯ ವಿಷಯ ಕೇಳಿದ ಮೇಲಂತೂ, ಇದನ್ನು ಹೇಗೆ ಯೋಚಿಸಿದಿರಿ ಎಂದು ಎರಡೆರಡು ಬಾರಿ ಕೇಳಿದರು. ದೊಡ್ಡಮ್ಮ, “ಕಲೆ ಯಾವುದರದು ಅಂತ ನೋಡೋಕೆ ಹಾಗೇ ಅಲ್ವಾ ಮಾಡೋದು? ಒಂದು ಮೂಲೆ ಉಜ್ಜಿ ಒಂದು ಮೂಲೆ ಬಿಡ್ತೀವಲ್ಲ” ಎಂದಳು, ಇದರಲ್ಲಿ ಕೇಳುವುದಕ್ಕೇನಿದೆ ಎಂಬಂತೆ.

ಮ್ಯಾನೇಜರು ಬೈಯುತ್ತಲೇ ಸಹಿ ಹಾಕಿದರು. ಕೆಲಸದಿಂದ ಬಿಡಿಸುವ ಕಾಗದ ಹರಿದು ಬುಟ್ಟಿ ಸೇರಿತು. ದೊಡ್ಡಮ್ಮನಿಗೆ ಗೇಟಿನ ಪಕ್ಕದ ಬೀಗದ ಕೋಣೆಯಲ್ಲಿ ಕೆಲಸ ಕೊಟ್ಟರು. ಕಾರ್ಖಾನೆಯ ಅರವತ್ತು ಕೋಣೆಗಳ ಬೀಗದ ಕೈ ಬೆಳಿಗ್ಗೆ ಕೊಡುವುದು, ಸಂಜೆ ವಾಪಸು ಪಡೆಯುವುದು. ಮ್ಯಾನೇಜರು ಕೆಟ್ಟವರೇನಲ್ಲ. ಮನಸ್ಸಿಗೆ ಚುಚ್ಚಿರಬೇಕು, ದೊಡ್ಡಮ್ಮ ಕೂರುವ ಕೋಣೆಗೆ ಹೊಸ ಬಣ್ಣ ಹೊಡೆಸಿ ಎಂದು ಹುಕುಂ ಮಾಡಿದರು. ಚೀಟಿ ಮೇಷ್ಟ್ರು ಆ ಸುದ್ದಿ ಕೇಳಿದ್ದೇ ಕೂತಲ್ಲಿಂದ ಎದ್ದು ಓಡಿದ. ಬಣ್ಣದವನ ಡಬ್ಬಿ ಕಿತ್ತುಕೊಂಡು ಸಣ್ಣಕ್ಷರ ಓದಿದರೆ, ಬಣ್ಣ ಕೆಡದಂತೆ ಹಾಕುವ ಪದಾರ್ಥಗಳ ಸಾಲಿನಲ್ಲಿ ಲೋಳೆಮದ್ದಿನ ಖಾಸಾ ದಾಯಾದಿಯ ಹೆಸರು! ಹೊಡೆದಾಗಿದ್ದು ಅರ್ಧ ಗೋಡೆ. “ನಿಲ್ಸಿ, ನಿಲ್ಸಿ, ನಿಲ್ಸಿ” ಎಂದು ಕೂಗಿದ್ದು ಗೇಟಿನಾಚೆಗೂ ಕೇಳಿತಂತೆ. ಹಸಿ ಬಣ್ಣದಿಂದ ಅದು ಗಾಳಿಗೂ ಸೇರುತ್ತದೆ, ಹಾಗಾಗಿ ಅರ್ಧ ಬಿಳಿ, ಅರ್ಧ ಹಳದಿ ಗೋಡೆಯ ಆ ಕೋಣೆಗೆ ತಿಂಗಳೊಪ್ಪತ್ತು ಗಾಳಿಯಾಡಲು ಬಿಟ್ಟರು. ಅಲ್ಲಿಯವರೆಗೆ ದೊಡ್ಡಮ್ಮ ಹೊರಗೆ ಜಗಲಿಯಲ್ಲಿ ಮೇಜು ಹಾಕಿಕೊಂಡು ಬೀಗದ ಕೈ ಹಂಚಿದಳು. ಅದೇ ದಾಯಾದಿಗಳು ಇವುಗಳಲ್ಲೂ ಇರಬಹುದೆಂದು ಅವಳ ಮನೆಯ ಶಾಂಪೂ, ಪಾತ್ರೆ ತೊಳೆಯುವ ದ್ರವ, ಗೋಂದು ಎಲ್ಲವನ್ನೂ ಮಗಳು ಒಂದು ಚೀಲದಲ್ಲಿ ತಂದು ಅವನ ಮೇಜಿನ ಮೇಲೆ ಸುರಿದಳು. ಅವನು ಒಂದೊಂದನ್ನೇ ಓದಿ, ಕೆಲವನ್ನು ಎತ್ತಿಟ್ಟ, ಯಾವ ಹೆಸರು ಕಂಡರೆ ಕೊಳ್ಳಬಾರದು ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟ. ಅದು ಜೀವಮಾನವಿಡೀ ಇಟ್ಟುಕೊಳ್ಳಬೇಕಾದ ಕಾಗದ ಎಂದು ಹೇಳುವಾಗ ಅವನ ದನಿ ತಗ್ಗಿತು.

ಬೀಗದ ಕೋಣೆಯ ಕೆಲಸ ದೊಡ್ಡಮ್ಮನಿಗೆ ಹಿಡಿಸಲಿಲ್ಲ, ಅದನ್ನೂ ಹೇಳಿಬಿಡಬೇಕು. ಕೂತು ಕೂತು ಸೊಂಟ ತುಕ್ಕು ಹಿಡೀತಿದೆ ಎಂದು ದಿನಕ್ಕೆ ನಾಲ್ಕು ಸಲ ಗೊಣಗುತ್ತಿದ್ದಳು. ಒಗೆಯುವ ಕೋಣೆಗೆ ಬೇರೆ ಹೆಂಗಸು ಬಂದಳು. ಮೂವತ್ತರ ಆಸುಪಾಸು, ಮಾತು ಕಡಿಮೆ, ಕೆಲಸ ಚುರುಕು. ಒಂದು ವಾರ ದೊಡ್ಡಮ್ಮ ಆ ಕೋಣೆಯ ಹೊಸ್ತಿಲಾಚೆ ಸ್ಟೂಲು ಹಾಕಿಕೊಂಡು ಕೂತು, ಒಳಗೆ ಕಾಲಿಡದೆ, ಬರೀ ಬಾಯಿಂದ ಇಪ್ಪತ್ತೆರಡು ವರ್ಷದ ವಿದ್ಯೆಯನ್ನು ಅವಳಿಗೆ ದಾಟಿಸಿದಳು. ತೆಳು ಮದ್ದಿನ ಶೆಡ್ಡಿನ ಎಂಟು ಜನರೂ ಈಗ ಗವಸು ತೊಡುತ್ತಿದ್ದರು. ತೋಳಲ್ಲಿ ಒರೆಸುತ್ತಿದ್ದವಳು ದೊಡ್ಡಮ್ಮನ ಕಣ್ಣಿಗೆ ಹೆದರಿ ಸೊಂಟಕ್ಕೆ ಒಂದು ಒರೆಸುವ ಬಟ್ಟೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು.

ಎಂಟು ತಿಂಗಳಾಯಿತು. ದೊಡ್ಡಮ್ಮನಿಗೆ ತುರಿಕೆ ಹತ್ತಿದ್ದೂ ತೆಳು ಮದ್ದು ಮುಟ್ಟಲು ಶುರುಮಾಡಿ ಹೆಚ್ಚುಕಡಿಮೆ ಅಷ್ಟೇ ಕಾಲದ ಮೇಲೆ ಎಂಬುದು ಚೀಟಿ ಮೇಷ್ಟ್ರಿಗೆ ನೆನಪಿತ್ತು. ಒಂದು ಮಧ್ಯಾಹ್ನ ಅವನು ಒಗೆಯುವ ಕೋಣೆಗೆ ಹೋಗಿ, ಹೊಸಬಳಿಗೆ ಕೈ ತೋರಿಸಿ ಅಂದ. ಅವಳು ಗವಸು ಬಿಚ್ಚಿ, ಅಂಗೈ ಮುಂಗೈ ಎರಡೂ ತಿರುಗಿಸಿ ತೋರಿಸಿದಳು. ಎಳ್ಳಷ್ಟೂ ಕೆಂಪಿರಲಿಲ್ಲ. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಉದ್ದನೆಯ ಅಂಗಳ ದಾಟಿ ಬೀಗದ ಕೋಣೆಗೆ ಬಂದು, ಏದುಸಿರು ಬಿಡುತ್ತ, “ದೊಡ್ಡಮ್ಮ, ಅವಳ ಕೈ ಚೆನ್ನಾಗಿದೆ. ಏನೂ ಆಗಿಲ್ಲ” ಎಂದ.

ದೊಡ್ಡಮ್ಮ ಬೀಗದ ಕೈಗಳ ಗೊಂಚಲು ಕೆಳಗಿಟ್ಟಳು. “ಬೆರಳ ಸಂದಿ ನೋಡಿದ್ರಾ?”

“ಬೆರಳ ಸಂದಿ?”

“ಅಲ್ಲೇ ಶುರುವಾಗೋದು ಮೇಷ್ಟ್ರೇ. ಅಂಗೈ ಕೊನೇಗೆ.”

ಅವನು ತಿರುಗಿ ನಡೆದ. ಮತ್ತೆ ಅಂಗಳ ದಾಟಿ, ಬಾಯ್ಲರ್ ಮನೆ ಬಳಸಿ, ಒಗೆಯುವ ಕೋಣೆಗೆ ಹೋಗಿ, ಆ ಹೆಂಗಸಿಗೆ ಮುಜುಗರವಾಗುತ್ತಿದ್ದರೂ ಬೆರಳು ಅಗಲಿಸಿ ಎಂದು ಕೇಳಿಕೊಂಡ. ಎಂಟು ಸಂದಿಗಳನ್ನೂ ಕಿಟಕಿಯ ಬೆಳಕಿಗೆ ಹಿಡಿಸಿ ನೋಡಿದ. ವಾಪಸು ಬಂದಾಗ ದೊಡ್ಡಮ್ಮ ಕೂತಿರಲಿಲ್ಲ. ಬೀಗದ ಕೋಣೆಯ ಬಾಗಿಲಲ್ಲಿ ನಿಂತು, ಅವನು ಅಂಗಳದ ಆ ತುದಿಯಲ್ಲಿ ಕಂಡಾಗಿನಿಂದಲೂ ಅವನ ಮುಖವನ್ನೇ ನೋಡುತ್ತಿದ್ದಳು.

“ಎಂಟೂ ನೋಡ್ದೆ ದೊಡ್ಡಮ್ಮ” ಎಂದ. “ಎಂಟೂ ಚೆನ್ನಾಗಿವೆ.”

ಅವಳು ಬಾಗಿಲ ಚೌಕಟ್ಟಿಗೆ ಒರಗಿ ಉಸಿರು ಬಿಟ್ಟಳು. ಎಂಟು ತಿಂಗಳಿಂದ ಬೀಗದ ಕೈ ಎಣಿಸುತ್ತ ಅವಳು ಎಣಿಸುತ್ತಿದ್ದದ್ದು ಈ ದಿನವನ್ನೇ ಎಂದು ಅವನಿಗೆ ಆಗ ತಿಳಿಯಿತು.